ಗೊತ್ತಿಲ್ಲ ಮೇಡಂ ಮತ್ತು ಅವರ ಅತ್ತೆಯ ಮಾತು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮೇಡಂ ಅವರ ಅತ್ತೆಯವರಿಗೆ, ಪಕ್ಕದಲ್ಲಿ ತಾಯಿಯ ಕೈ ಹಿಡಿದು ಕೂತಿರುವ ಮೇಡಂ ಅವರ ಯಜಮಾನರಿಗೆ, ಈ ಆಫೀಸಿನ ನನ್ನ ಸಹೋದ್ಯೋಗಿಗಳಿಗೆ, ಗೋಡೆಯ ಪರದೆಯಲ್ಲಿ ಪುಟ್ಟ ಪುಟ್ಟ ಚೌಕಗಳೊಳಗೆ ಕಾಣುತ್ತಿರುವ ದೂರದ ಗೆಳೆಯರಿಗೆ — ನಿಮಗೆ ಅಲ್ಲಿ ಎಷ್ಟು ಹೊತ್ತಾಗಿದೆಯೋ ನನಗೆ ತಿಳಿಯದು. ಬಂದಿದ್ದೀರಿ, ಅದೇ ದೊಡ್ಡದು.

ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? — ಸರಿ. ನನ್ನ ದನಿ ಸಪ್ಪೆ ಅಂತ ನನಗೂ ಗೊತ್ತು. ಹಾಜರಿ ಕೂಗಿದ ಹಾಗಿರುತ್ತದೆ ಅಂತ ನನ್ನ ಹೆಂಡತಿಯೇ ಹೇಳುತ್ತಾಳೆ. ಆದರೆ ಈ ಸಪ್ಪೆ ದನಿಯ ದೆಸೆಯಿಂದಲೇ ಮೇಡಂ ನನಗೊಂದು ಕೆಲಸ ಕೊಟ್ಟಿದ್ದರು. ಆ ವಿಷಯ ಆಮೇಲೆ ಬರುತ್ತದೆ.

ನಾನು ಮಾತು ಬರೆದುಕೊಂಡು ಬಂದಿದ್ದೆ. ಓದು, ವೃತ್ತಿ, ಸರಳತೆ, ತುಂಬಲಾರದ ನಷ್ಟ — ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಹೇಳುವುದೆಲ್ಲ ಅದರಲ್ಲಿತ್ತು. ಅದನ್ನು ಜೇಬಿನಲ್ಲೇ ಬಿಟ್ಟಿದ್ದೇನೆ. ಯಾಕೆಂದರೆ ಕೆಳಗೆ ಲಿಫ್ಟಿನ ಹತ್ತಿರ ಅತ್ತೆಯವರು ನನ್ನ ತೋಳು ಹಿಡಿದು ನಿಲ್ಲಿಸಿದರು. ಅಮ್ಮಾ, ಹೇಳಲಾ? — ಹೇಳು ಅಂತ ತಲೆಯಾಡಿಸುತ್ತಿದ್ದಾರೆ.

“ನೀನೇ ಅಲ್ವಾ ಅವಳ ಜೊತೆ ಕೂತು ನನ್ನ ಮಾತು ಓದ್ತಿದ್ದೋನು?” ಅಂದರು.

“ಹೌದಮ್ಮ, ನಾನೇ.”

“ನಾನು ಆ ಹುಡುಗೀಗೆ ಒಳ್ಳೆ ಮಾತು ಅಂತ ಆಡಿದ್ದು ಆ ಮೈಕಿನ ಮುಂದೆ ಒಂದೇ ಕಣಪ್ಪ. ಕೆಲಸಕ್ಕೆ ಬೇಕು ಅಂದ್ಳು, ಆಡ್ದೆ. ಅದು ನಾಟಕ ಅಂತ ಅವಳಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆದ್ರೆ ಒಳಗೆ ನಂಗೆ ಅವಳು ಅಂದ್ರೆ ಎಷ್ಟು ಪ್ರಾಣ ಅಂತ… ಅದು ಅವಳಿಗೆ ಗೊತ್ತಿತ್ತಾ?”

ನಾನು ಅಂದೆ, “ಗೊತ್ತಿಲ್ಲಮ್ಮ.”

ಲಿಫ್ಟಿಗೆ ಕಾಯುತ್ತಿದ್ದವರೆಲ್ಲ ನನ್ನನ್ನು ನುಂಗುವ ಹಾಗೆ ನೋಡಿದರು. ‘ಹೌದಮ್ಮ, ಗೊತ್ತಿತ್ತು’ ಅಂದುಬಿಟ್ಟಿದ್ದರೆ ಇವನ ಗಂಟೇನು ಹೋಗುತ್ತಿತ್ತು ಅಂತ. ಏನೂ ಹೋಗುತ್ತಿರಲಿಲ್ಲ. ಆದರೆ ನಾನು ಕೆಲಸ ಕಲಿತದ್ದು ಮೇಡಂ ಹತ್ತಿರ. ನೋಡದೆ ಉತ್ತರ ಹೇಳುವ ಚಾಳಿಯನ್ನು ಅವರು ನನ್ನಿಂದ ಬಿಡಿಸಿದ್ದಾರೆ. ಹಾಗಾಗಿ ಮೇಲೆ ಬಂದು, ಕೊನೆಯ ಸಾಲಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತೆ. ಇಂಥ ಹೊತ್ತಿನಲ್ಲೂ ಇವನು ಮೇಲ್ ನೋಡುತ್ತಿದ್ದಾನಲ್ಲ ಅಂತ ಕೆಲವರು ಬೈದುಕೊಂಡಿರಬೇಕು. ಮೇಲ್ ಅಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ನೋಡುತ್ತಿದ್ದೆ. ಸಿಕ್ಕಿದೆ. ಆದರೆ ಅಮ್ಮಾ, ನೇರವಾಗಿ ಹೇಳಿದರೆ ನೀವು ಸಮಾಧಾನಕ್ಕೆ ಹೇಳಿದ ಅಂದುಕೊಳ್ಳುತ್ತೀರಿ. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ, ತಾಳ್ಮೆಯಿಂದ ಕೇಳಬೇಕು.

ಮೊದಲು, ಮೇಡಂ ಮಾಡುತ್ತಿದ್ದುದಾದರೂ ಏನು? ಇಲ್ಲಿರುವ ಅರ್ಧ ಜನಕ್ಕೆ ಗೊತ್ತು, ಇನ್ನರ್ಧ ಜನ ಕೇಳಲು ಸಂಕೋಚಪಟ್ಟುಕೊಂಡು ಇಷ್ಟು ವರ್ಷ ಕಳೆದಿದ್ದಾರೆ. ನೀವು ಫೋನಿನಲ್ಲಿ ಏನೋ ಬರೆಯುತ್ತೀರಿ. ಅದು ಯಾವ ಭಾಷೆ ಅಂತ ಫೋನಿಗೆ ಗೊತ್ತಾಗಬೇಕು. ಗೊತ್ತಾದರೆ ತಾನೇ ಅನುವಾದ, ಗಟ್ಟಿಯಾಗಿ ಓದುವುದು, ಹುಡುಕುವುದು ಎಲ್ಲ? ಆ ಮೊದಲ ಪ್ರಶ್ನೆ — ‘ಇದು ಯಾವ ಭಾಷೆ?’ — ಅದಕ್ಕೆ ಉತ್ತರ ಹೇಳುವ ಒಂದು ಪುಟ್ಟ ಸಾಫ್ಟ್‌ವೇರ್ ಅವರು ಕಟ್ಟಿದರು. ಅದನ್ನು ಲೈಬ್ರರಿ ಅನ್ನುತ್ತೇವೆ. ಬೇರೆ ಪ್ರೋಗ್ರಾಂಗಳು ಇದನ್ನು ತಮ್ಮೊಳಗೆ ಸೇರಿಸಿಕೊಂಡು ಕೆಲಸ ಮಾಡಿಸಿಕೊಳ್ಳುತ್ತವೆ. ಯಾರು ಬೇಕಾದರೂ ಬಳಸಬಹುದು. ಒಳಗೆ ಹೇಗಿದೆ ಅಂತ ಬಿಚ್ಚಿ ನೋಡಬಹುದು. ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಬೀಗ ಅಂತ ಎಲ್ಲೂ ಇಲ್ಲ.

ಅದಕ್ಕೆ ಭಾಷೆ ಹೇಗೆ ಗೊತ್ತಾಗುತ್ತದೆ? ನನಗೆ ಈಗಲೂ ಇದು ಸೋಜಿಗ. ಅದಕ್ಕೆ ಅರ್ಥ ತಿಳಿಯುವುದಿಲ್ಲ. ಒಂದು ಪದದ ಅರ್ಥವೂ ಇಲ್ಲ. ಯಾವ ಅಕ್ಷರದ ಹಿಂದೆ ಯಾವ ಅಕ್ಷರ ಎಷ್ಟು ಸಲ ಬರುತ್ತದೆ — ಅಷ್ಟೇ ಲೆಕ್ಕ. ಪಕ್ಕದ ಮನೆಯವರ ಮಾತು ಗೋಡೆಯಾಚೆಯಿಂದ ಕೇಳಿಸುತ್ತದಲ್ಲ, ಪದ ತಿಳಿಯುವುದಿಲ್ಲ, ಆದರೂ ಯಾವ ಭಾಷೆ ಅಂತ ಹೇಳಿಬಿಡುತ್ತೀವಲ್ಲ, ಹಾಗೆ. ಮೊದಲಿಗೆ ಒಂದಿಷ್ಟು ವಾಕ್ಯ ಉಣಿಸಬೇಕು. ಚಹಾದಲ್ಲಿ ಸಕ್ಕರೆ ಕರಗಿದ ಹಾಗೆ ಆ ವಾಕ್ಯಗಳು ಕರಗಿ, ರುಚಿ ಮಾತ್ರ ಉಳಿಯುತ್ತದೆ.

ಇನ್ನು ಅವರ ಅಡ್ಡಹೆಸರು. ‘ಗೊತ್ತಿಲ್ಲ ಮೇಡಂ’ — ಈ ಆಫೀಸಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದದ್ದು, ಅವರ ಎದುರಿಗೂ. ಬೇರೆಯವರು ಮಾಡಿದ ಇಂಥ ಸಾಫ್ಟ್‌ವೇರ್‌ಗಳು ಏನು ಕೊಟ್ಟರೂ ಒಂದು ಉತ್ತರ ಹೇಳಿಯೇ ಹೇಳುತ್ತವೆ. ಬೆಕ್ಕು ಕೀಬೋರ್ಡಿನ ಮೇಲೆ ನಡೆದುಹೋದರೂ, ಇದು ಇಂಥ ಭಾಷೆ ಅಂತ ಎದೆ ತಟ್ಟಿಕೊಂಡು ಹೇಳುತ್ತವೆ. ಮೇಡಂ ಅವರದು ಮಾತ್ರ ಅನುಮಾನ ಬಂದರೆ ‘ಗೊತ್ತಿಲ್ಲ’ ಅನ್ನುತ್ತಿತ್ತು. ಮೀಟಿಂಗಿನಲ್ಲಿ ನಾನೇ ಒಂದು ಸಲ ತಕರಾರು ತೆಗೆದೆ. “ಮೇಡಂ, ಗಿರಾಕಿಗಳು ನಗ್ತಾರೆ. ಏನಾದ್ರೂ ಒಂದು ಹೇಳಿಸಿಬಿಡೋಣ.”

“ಗೊತ್ತಿಲ್ಲ ಅನ್ನೋಕೆ ನಿಮಗೆ ಎಲ್ಲಿ ನೋಯುತ್ತೆ, ಅದನ್ನ ಹೇಳಿ,” ಅಂದರು. ನಗುತ್ತಾ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಾ ಕೇಳಿದರು. “ಗೊತ್ತಿಲ್ಲ ಮೇಡಂ,” ಅಂದೆ. ಇಡೀ ಕೋಣೆ ಗೊಳ್ಳೆಂದಿತು. ಆ ಹೆಸರು ಹುಟ್ಟಿದ್ದು ಅವತ್ತು.

ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ ಅಂದರೆ ನೀವು ನಂಬುತ್ತೀರಾ? ಇರುತ್ತದೆ. ಕಂಪ್ಯೂಟರಿನಲ್ಲಿ ಪ್ರಪಂಚದ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ, ಯೂನಿಕೋಡ್ ಅಂತ. ಅದರಲ್ಲಿ ಕೆಲವಕ್ಕೆ ಸಂಖ್ಯೆ ಇದೆ, ಆಕಾರ ಇಲ್ಲ, ಅಗಲವೂ ಇಲ್ಲ. ಎರಡು ಅಕ್ಷರದ ನಡುವೆ ಸುಮ್ಮನೆ ಕೂತಿರುತ್ತವೆ. ಒಂದು ದಿನ ಹುಡುಕಾಟದಲ್ಲಿ ಒಂದು ಪದ ಎಷ್ಟು ಮಾಡಿದರೂ ಸಿಗುತ್ತಿಲ್ಲ. ಕಣ್ಣೆದುರಿಗೆ ಇದೆ, ಆದರೂ ಇಲ್ಲ ಅನ್ನುತ್ತದೆ. ಮೂವರು ಮಂಡೆ ಬಿಸಿ ಮಾಡಿಕೊಂಡು ಕೂತಿದ್ದೇವೆ. ಮೇಡಂ ಬಂದರು, ಕುರ್ಚಿ ಕೂಡ ಎಳೆದುಕೊಳ್ಳಲಿಲ್ಲ. ಬಗ್ಗಿ, ಬಾಣದ ಕೀ ಒತ್ತುತ್ತಾ ಹೋದರು — ಹೀಗೆ, ಒಂದೊಂದೇ. ಕರ್ಸರು, ಪರದೆಯಲ್ಲಿ ಮಿನುಗುವ ಆ ಗೆರೆ, ಒಂದೊಂದು ಅಕ್ಷರ ದಾಟುತ್ತಿದೆ, ದಾಟುತ್ತಿದೆ… ಒಂದು ಕಡೆ ಒತ್ತಿದರೂ ಮುಂದೆ ಹೋಗಲಿಲ್ಲ. ಅಲ್ಲೇ ನಿಂತಿತು. ಮತ್ತೊಮ್ಮೆ ಒತ್ತಿದ ಮೇಲೆ ಹೊರಟಿತು.

“ನೋಡಿ,” ಅಂದರು. “ಇಲ್ಲಿ ಯಾರೋ ಕೂತಿದ್ದಾರೆ.”

ಅವರು ಮಾತಾಡುತ್ತಿದ್ದದ್ದೇ ಹಾಗೆ. ತಪ್ಪು ಸಿಕ್ಕಿತು ಅನ್ನುತ್ತಿರಲಿಲ್ಲ, ಯಾರೋ ಕೂತಿದ್ದಾರೆ ಅನ್ನುತ್ತಿದ್ದರು. ಅಳಿಸುವ ಮುಂಚೆ ಅದು ಅಲ್ಲಿಗೆ ಯಾಕೆ ಬಂತು ಅಂತ ವಿಚಾರಿಸುತ್ತಿದ್ದರು.

ಈಗ ಅತ್ತೆಯವರ ವಿಷಯಕ್ಕೆ ಬರುತ್ತೇನೆ.

ಲೈಬ್ರರಿಗೆ ಹೊಸ ಭಾಷೆ ಸೇರಿಸಲು ಮೇಡಂ ಒಂದು ಪದ್ಧತಿ ಇಟ್ಟಿದ್ದರು. ನಾವು ಅದನ್ನು ಅಡುಗೆಮನೆ ಪರೀಕ್ಷೆ ಅನ್ನುತ್ತಿದ್ದೆವು. ಸರ್ಕಾರಿ ಪ್ರಕಟಣೆ, ಔಷಧಿ ಡಬ್ಬಿಯ ಚೀಟಿ, ಅಲ್ಲಿ ಇಲ್ಲಿ ಸಿಕ್ಕ ಪಠ್ಯ — ಯಾವುದೂ ನಡೆಯುವುದಿಲ್ಲ. ಮನೆಯಲ್ಲಿ ಆಡುವ ಮಾತು ಬೇಕು. ಆ ವಾಕ್ಯಗಳನ್ನು ಅದೇ ಭಾಷೆಯ ಇನ್ನೊಂದು ಮನೆಯವರ ಮುಂದೆ ಗಟ್ಟಿಯಾಗಿ ಓದಬೇಕು. ಓದುವವನ ದನಿಯಲ್ಲಿ ಭಾವ ಇರಬಾರದು. ಭಾವ ಇದ್ದರೆ ಕೇಳುವವರು ದನಿಗೆ ತಲೆದೂಗುತ್ತಾರೆ, ಮಾತಿಗಲ್ಲ. ಕೇಳಿದವರು ‘ಹೌದು, ಹೀಗೇ ಮಾತಾಡೋದು’ ಅಂದರೆ ಮಾತ್ರ ಒಳಗೆ. ಆಮೇಲೂ ಮೇಡಂ ಬಿಡುತ್ತಿರಲಿಲ್ಲ. ಮತ್ತೊಂದು ಮನೆಯವರ ಮುಂದೆ ಇನ್ನೊಮ್ಮೆ ಓದಿಸುತ್ತಿದ್ದರು. ಇಡೀ ಆಫೀಸಿನಲ್ಲಿ ಭಾವವೇ ಇಲ್ಲದ ದನಿ ಯಾರದು ಅಂತ ಹುಡುಕಿದಾಗ — ನಿಮ್ಮ ಮುಂದೆ ನಿಂತಿದ್ದೇನೆ.

ಅತ್ತೆಯವರ ಮನೆಮಾತು ಬೇರೆ, ಮೇಡಂ ಅವರದು ಬೇರೆ. ಅತ್ತೆಯವರ ಮಾತಿಗೆ ಸ್ವಂತ ಲಿಪಿ ಇಲ್ಲ. ಬರೆಯಬೇಕಾದರೆ ನಾವು ಬಳಸುವ ಅಕ್ಷರವನ್ನೇ ಕಡ ತರಬೇಕು. ಬರೆಯುವವರೂ ಕಡಿಮೆ. ಅದನ್ನು ಲೈಬ್ರರಿಗೆ ಸೇರಿಸಬೇಕು ಅಂತ ಮೇಡಂಗೆ ಆಸೆ. ವಾಕ್ಯಗಳಿಗೆ ದೂರ ಹೋಗಬೇಕಾಗಿರಲಿಲ್ಲ. ಸೊಸೆಗೆ ಅತ್ತೆ ದಿನವಿಡೀ ಧಾರಾಳವಾಗಿ ಕೊಡುತ್ತಿದ್ದರು. ಅಮ್ಮಾ, ಕೋಪ ಮಾಡಿಕೊಳ್ಳಬೇಡಿ, ಮೇಡಂ ನನಗೆ ಆಮೇಲೆ ಬಿಡಿಸಿ ಹೇಳಿದ ಹಾಗೆ ನಮ್ಮ ಮಾತಿನಲ್ಲಿ ಒಂದೆರಡು ಹೇಳುತ್ತೇನೆ.

“ಬಾಗಿಲು ಹಾಕೋಕೆ ನಿನ್ನ ಕೈಗೇನು ಮುಳ್ಳು ಚುಚ್ಚಿದೆಯಾ?”

“ಪಾತ್ರೆ ಹಾಗೇ ಬಿಟ್ಟಿದೀಯಲ್ಲ, ಅದೇ ಎದ್ದು ಹೋಗಿ ಸ್ನಾನ ಮಾಡ್ಕೊಂಡು ಬರುತ್ತಾ?”

“ಲೈಟು ಉರೀತಿದೆ, ಯಾರ ಕಾವಲಿಗೆ?”

— ನೋಡಿ, ಅತ್ತೆಯವರೇ ನಗುತ್ತಿದ್ದಾರೆ! ಇದನ್ನೆಲ್ಲ ಕೇಳಿ ಒಪ್ಪಬೇಕಾದವರು ಯಾರು? ಅಗೋ, ಕಿಟಕಿ ಪಕ್ಕ ಕೂತಿದ್ದಾರಲ್ಲ, ಹೊಲಿಗೆಯಕ್ಕ. ನಮ್ಮ ಆಫೀಸಿನ ಎದುರು ಸಾಲಿನ ಅಂಗಡಿ ಅವರದು. ಅವರ ಮನೆಮಾತೂ ಅದೇ. ನಾನು ಸಪ್ಪೆಯಾಗಿ ಓದಿದೆ. ಆಗ ನನಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಅಕ್ಕ ಮಿಷನ್ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ, ನಮ್ಮ ದೊಡ್ಡಮ್ಮ ಎದ್ದು ಬಂದಂಗಾಯ್ತು!” ಇನ್ನೊಂದು ಮನೆಯಲ್ಲೂ ಹಾಗೇ ನಕ್ಕರು. ಪರೀಕ್ಷೆ ಪಾಸು. ಭಾಷೆ ಒಳಗೆ.

ಕೆಲವು ತಿಂಗಳಾದ ಮೇಲೆ ಒಂದು ದೂರು ಬಂತು. ದೂರು ಕಳಿಸಿದವರು ಪರದೆಯ ಮೇಲಿನ ಸಾಲಿನಲ್ಲಿದ್ದಾರೆ — ಸಾರ್, ನೀವೇ, ನಿಮ್ಮ ಮೈಕು ಬಂದ್ ಆಗಿದೆ, ನಗುವುದು ಮಾತ್ರ ಕಾಣುತ್ತಿದೆ. ದೂರದೂರಿನಲ್ಲಿ ಅದೇ ಮಾತಾಡುವವರು ಅವರು. ಬರೆದಿದ್ದರು: ‘ನಿಮ್ಮ ಲೈಬ್ರರಿಗೆ ನಾನು ನನ್ನ ಮಗಳಿಗೆ ಬರೆದದ್ದು ಕೊಟ್ಟರೆ ಗೊತ್ತಿಲ್ಲ ಅನ್ನುತ್ತದೆ. ಮನೆ ಮಾಲೀಕನಿಗೆ ಬರೆದದ್ದು ಕೊಟ್ಟರೆ ತಟ್ಟನೆ ಗುರುತು ಹಿಡಿಯುತ್ತದೆ. ಯಾಕೆ?’

ನಾವು ತಲೆ ಕೆರೆದುಕೊಂಡೆವು. ಮೇಡಂ ದೂರನ್ನು ಇನ್ನೊಮ್ಮೆ ಓದಿ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಆ ಭಾಷೆ ಅಂತ ಲೈಬ್ರರಿ ಕಲಿತಿದ್ದೆಲ್ಲ ಬೈಗುಳ! ಅದೂ ಒಂದೇ ಮನೆಯ, ಒಬ್ಬರೇ ಅತ್ತೆಯ ಬೈಗುಳ. ಬೈದರೆ ಭಾಷೆ ಗೊತ್ತು, ಮುದ್ದಿಸಿದರೆ ಗೊತ್ತಿಲ್ಲ! ಇಂಥ ತಪ್ಪು ನಮ್ಮಂಥ ಕೆಲಸ ಮಾಡುವವರನ್ನು ಬಿಟ್ಟರೆ ಇನ್ನಾರಿಗೂ ಆಗಲಿಕ್ಕಿಲ್ಲ.

ತಿದ್ದಬೇಕಲ್ಲ? ಮೇಡಂ ಮನೆಗೆ ಹೋಗಿ, “ಅತ್ತೆ, ಸ್ವಲ್ಪ ಪ್ರೀತಿಯಿಂದ ಮಾತಾಡಿ,” ಅಂದರಂತೆ.

ಅತ್ತೆಯವರು, “ಯಾರ ಹತ್ರ?” ಅಂದರಂತೆ.

“ನನ್ನ ಹತ್ರಾನೇ.”

“ಯಾಕೆ, ಏನಾಯ್ತು ಈಗ?”

ಕೊನೆಗೆ ಒಪ್ಪಿದರು. ಮೈಕು ಇಟ್ಟದ್ದಾಯಿತು. ನಾನೂ ಅಲ್ಲಿದ್ದೆ, ಮೈಕಿನ ವೈರು ಹಿಡಿದುಕೊಂಡು. ಅತ್ತೆಯವರು ಫೋಟೋಗೆ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಗೋಡೆ ನೋಡುತ್ತಾ — ‘ಎಲೈ ನನ್ನ ಮುದ್ದು ಸೊಸೆಯೇ, ನೀನು ಈ ಮನೆಯ ದೀಪ’ ಅನ್ನುವ ಧಾಟಿಯಲ್ಲಿ ಶುರು ಮಾಡಿದರು. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಪಾಪ, ಅತ್ತೆಯವರು ಹೀಗೇ ಕೆಲವು ದಿನ ಬೇಸರಿಸದೆ ಕೂತು ಆಡಿದರು.

ಹೊಲಿಗೆಯಕ್ಕನ ಮುಂದೆ ಓದಿದೆ. ಅಕ್ಕ ಮಿಷನ್ ನಿಲ್ಲಿಸಲೇ ಇಲ್ಲ. “ಇದ್ಯಾವ ನಾಟಕ ಕಂಪನಿಯವರದು? ಮನೇಲಿ ಯಾರು ಹಿಂಗೆ ಮಾತಾಡ್ತಾರೆ?” ಅಂದರು. ಪರೀಕ್ಷೆ ಫೇಲು. ಅಷ್ಟೂ ವಾಕ್ಯವನ್ನು ಮೇಡಂ ಆಚೆ ಹಾಕಿದರು. ಒಂದೂ ಇಟ್ಟುಕೊಳ್ಳಲಿಲ್ಲ. ಇದನ್ನು ಅತ್ತೆಯವರಿಗೆ ಹೇಳಿರಲಿಲ್ಲ — ಮನಸ್ಸು ನೋಯುತ್ತದೆ ಅಂತ.

ಅಮ್ಮಾ, ನೀವು ಇದುವರೆಗೆ ಆ ಮಾತುಗಳೇ ಒಳಗಿವೆ ಅಂದುಕೊಂಡಿದ್ದೀರಿ, ಅಲ್ಲವಾ? ಇಲ್ಲ. ಈಗ ತಾನೇ ನೋಡಿದೆ. ಒಂದೂ ಇಲ್ಲ.

ಹಾಗಾದರೆ ದೂರು ಹೇಗೆ ಸರಿಹೋಯಿತು? ಸರಿಯಂತೂ ಹೋಗಿದೆ, ಆ ಸಾರ್ ತಲೆಯಾಡಿಸುತ್ತಿದ್ದಾರೆ ನೋಡಿ, ಮಗಳಿಗೆ ಬರೆದದ್ದನ್ನೂ ಈಗ ಗುರುತಿಸುತ್ತದೆ. ಯಾವ ಮಾತು ಉಣಿಸಿದರು?

ಅದೇ ವರ್ಷ ಮೇಡಂಗೆ ಮೊದಲ ಸಲ ಕಾಯಿಲೆ ಅಂತ ತಿಳಿದದ್ದು. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರ ಮಲಗಿದ್ದರು. ಮತ್ತೆ ಆಫೀಸಿಗೆ ಬಂದ ದಿನ, ತೆಳ್ಳಗಾಗಿದ್ದರು, ನನ್ನ ಮೇಜಿನ ಹತ್ತಿರ ಬಂದು, “ಬನ್ನಿ, ಎದುರು ಅಂಗಡಿಗೆ ಹೋಗಿ ಬರೋಣ. ಹೊಸ ವಾಕ್ಯ ಇದೆ,” ಅಂದರು. “ಅತ್ತೇನ ಕೇಳಿದೀನಿ. ‘ನೀವು ಈಚೆಗೆ ಆಡಿದ ಮಾತು ಹಾಕ್ಲಾ’ ಅಂದೆ. ‘ನಾನೇನು ಆಡಿದೀನಿ ಅಂತ ನಂಗೇ ನೆನಪಿಲ್ಲ, ಹಾಕ್ಕೋ ಹೋಗು’ ಅಂದ್ರು.”

ಅಮ್ಮಾ, ನಿಮಗೆ ನೆನಪಿಲ್ಲದ ಆ ಮಾತುಗಳನ್ನು ಈಗ ಓದುತ್ತೇನೆ. ಎಲ್ಲರಿಗೂ ತಿಳಿಯಲಿ ಅಂತ ನಮ್ಮ ಮಾತಿನಲ್ಲಿ ಓದುತ್ತೇನೆ. ಆವತ್ತು ಅಂಗಡಿಯಲ್ಲಿ ಓದಿದ ಹಾಗೆಯೇ, ಸಪ್ಪೆಯಾಗಿ.

“ಬಾಗಿಲು ಇರ್ಲಿ, ನಾನು ಹಾಕ್ತೀನಿ.”

“ಪಾತ್ರೆ ಅಲ್ಲೇ ಬಿಡು.”

“ಲೈಟು ಉರೀಲಿ ಬಿಡು, ಆರಿಸ್ಬೇಡ.”

“ಯಾರೂ ಏನೂ ಅನ್ನಲ್ಲ. ನಾನಿದೀನಲ್ಲ.”

ಹೀಗೇ ಇನ್ನಷ್ಟು ಇದ್ದವು. ಅದರಲ್ಲಿ ಎಲ್ಲೂ ಕಾಯಿಲೆ ಅಂತಿಲ್ಲ. ಆಸ್ಪತ್ರೆ ಅಂತಿಲ್ಲ. ಪ್ರೀತಿ ಅಂತ ಒಂದು ಪದ ಕೂಡ ಇಲ್ಲ. ಓದುತ್ತಾ ಹೋದೆ. ಎದುರಿಗೆ ಮಿಷನ್ ನಿಂತಿತು. ಹೊಲಿಗೆಯಕ್ಕ ಕೈಲಿದ್ದ ಕತ್ತರಿ ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ, ಮೇಡಂ ಮುಖ ನೋಡಿದರು.

“ಯಾರಿಗೆ ಹುಷಾರಿಲ್ಲ?” ಅಂದರು.

ಅಕ್ಕಾ, ಹೀಗೇ ಕೇಳಿದಿರಿ ಅಲ್ಲವಾ? — ಹೌದು ಅನ್ನುತ್ತಿದ್ದಾರೆ.

ಮೇಡಂ ಆ ಕತ್ತರಿಯನ್ನು ಒಂದು ಬದಿಗೆ ಸರಿಸಿದರು. ಆಮೇಲೆ, “ನಂಗೆ. ಹೇಳಿದ್ದು ನಮ್ಮತ್ತೆ,” ಅಂದರು. ದಾರಿಯಲ್ಲಿ ವಾಪಸು ಬರುತ್ತಾ ನಾನು ಅಭ್ಯಾಸಬಲದಿಂದ ಕೇಳಿದೆ, “ಮೇಡಂ, ಪದ್ಧತಿ ಪ್ರಕಾರ ಇನ್ನೊಂದು ಮನೇಲೂ ಓದಿಸ್ಬೇಕಲ್ಲ? ಯಾವಾಗ ಹೋಗೋಣ?” ರಸ್ತೆ ದಾಟುವ ಜಾಗ ಅದು. ಅವರು ನಿಂತರು. ಪಾದಚಾರಿಗಳ ದೀಪ ಹಸಿರಾಗಿದ್ದರೂ ದಾಟಲಿಲ್ಲ.

“ಬೇಡ,” ಅಂದರು. “ಇದು ನಂಗೆ ಗೊತ್ತು.”

ಸ್ನೇಹಿತರೇ, ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದ್ದೇನೆ. ಎರಡನೆಯ ಮನೆಯವರನ್ನು ಕೇಳದೆ ಅವರು ಒಳಗೆ ಬಿಟ್ಟ ಮಾತು ಅದೊಂದೇ. ನಮ್ಮ ಗೊತ್ತಿಲ್ಲ ಮೇಡಂ ಬಾಯಲ್ಲಿ ‘ಗೊತ್ತು’ ಅನ್ನುವುದನ್ನು ನಾನು ಕೇಳಿದ್ದೂ ಆ ಒಂದೇ ಸಲ.

ಅಮ್ಮಾ, ನೀವು ಕೇಳಿದಿರಿ, ಅವಳಿಗೆ ಗೊತ್ತಿತ್ತಾ ಅಂತ. ಗೊತ್ತಿತ್ತು. ನಿಮ್ಮ ನಾಟಕ ಯಾವುದು, ನಿಮ್ಮ ಮಾತು ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾಟಕವನ್ನು ಆಚೆ ಹಾಕಿದರು, ಮಾತನ್ನು ಒಳಗಿಟ್ಟರು.

ಒಳಗೆ ಎಲ್ಲಿಟ್ಟಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಉಣಿಸಿದ ವಾಕ್ಯ ಕರಗಿಹೋಗುತ್ತದೆ ಅಂದೆನಲ್ಲ? ಆದರೆ ಕೆಲವನ್ನು ಕರಗಿಸದೆ ಹಾಗೇ ಇಡುತ್ತೇವೆ, ಪರೀಕ್ಷೆಗೆ ಅಂತ. ಪ್ರಪಂಚದ ಯಾವ ಮೂಲೆಯವರು ಆ ಲೈಬ್ರರಿಯಲ್ಲಿ ಒಂದು ಸಾಲು ತಿದ್ದಿದರೂ, ಆ ತಿದ್ದುಪಡಿ ಒಳಗೆ ಬರುವ ಮುಂಚೆ ಈ ವಾಕ್ಯಗಳನ್ನು ಕೊಟ್ಟು ‘ಇದು ಯಾವ ಭಾಷೆ’ ಅಂತ ಕೇಳಲಾಗುತ್ತದೆ. ಸರಿಯಾಗಿ ಹೇಳಿದರೆ ಸರಿ. ಇಲ್ಲದಿದ್ದರೆ ಬಾಗಿಲಲ್ಲೇ ವಾಪಸು. ನಾನು ಕೊನೆಯ ಸಾಲಿನಲ್ಲಿ ಕೂತು ನೋಡಿದ್ದು ಅದನ್ನೇ. ಅಲ್ಲಿದೆ ಅಮ್ಮಾ, ಇವತ್ತೂ ಇದೆ: ‘ಲೈಟು ಉರೀಲಿ ಬಿಡು, ಆರಿಸ್ಬೇಡ.’ ನಿಮ್ಮ ಈ ಮಾತನ್ನು ಗುರುತಿಸದೆ ಯಾರೂ ಅವರ ಕೆಲಸವನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ. ಆ ಕೆಲಸ ಇನ್ನು ಮುಂದೆ ನನ್ನದು, ಪರದೆಯಲ್ಲಿರುವ ಈ ಗೆಳೆಯರದು. ಆ ಸಾಲನ್ನು ನಾವು ಮುಟ್ಟುವುದಿಲ್ಲ.

ನನಗೆ ಅವರು ಇಲ್ಲದಿರುವುದು ತುಂಬಾ ಕಷ್ಟವಾಗುತ್ತಿದೆ. ದನಿಯಲ್ಲಿ ಗೊತ್ತಾಗಲಿಕ್ಕಿಲ್ಲ, ಅದಕ್ಕೇ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಮ್ಮಾ, ನೀವು ಏಳಬೇಡಿ, ಮಂಡಿ ನೋವು, ಅಲ್ಲೇ ಇರಿ. ಯಾರೋ ಗೋಡೆ ಹತ್ತಿರ ಹೋಗುತ್ತಿದ್ದೀರಿ — ಲೈಟು ಉರಿಯಲಿ ಬಿಡಿ, ಆರಿಸಬೇಡಿ. ಒಂದು ನಿಮಿಷ ಮಾತಿಲ್ಲದೆ ನಿಲ್ಲೋಣ. ಕೀ ಒತ್ತಿದರೂ ಕರ್ಸರು ಮುಂದೆ ಹೋಗದೆ ನಿಂತಿತಲ್ಲ, ಆ ಜಾಗ ಇದು ಅಂದುಕೊಳ್ಳಿ. ಇಲ್ಲಿ ಯಾರೋ ಕೂತಿದ್ದಾರೆ.